ಕೇಸ್ ಮೇಜು ಚೆನ್ನ, ಗಂಟೆ ಬಾರಿಸುವ ಭೇಟಿ ಬೇಡ: ವಕೀಲರು, ತೆರಿಗೆ ಸಲಹೆಗಾರರು, ಕನ್ಸಲ್ಟೆಂಟ್‌ಗಳ ಪ್ರಾದೇಶಿಕ ಸಮ್ಮೇಳನದ ಬಗ್ಗೆ

ವಕೀಲರು, ತೆರಿಗೆ ಸಲಹೆಗಾರರು, ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್‌ಗಳು ಒಂದೇ ಕಡೆ ಸೇರುವ ಎರಡು ದಿನದ ಪ್ರಾದೇಶಿಕ ಸಮ್ಮೇಳನಕ್ಕೆ ಹೋಗಿಬಂದೆ. ನಡೆಸಿದ್ದು ಬೇರೆ ಬೇರೆ ದೇಶಗಳ ಸ್ವತಂತ್ರ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಒಂದು ಒಕ್ಕೂಟ. ಹೆಸರು ಹೇಳುವುದಿಲ್ಲ. ನಾನು ಮೆಚ್ಚಿದ್ದೂ ಬೇಸರಪಟ್ಟಿದ್ದೂ ಈ ಬಗೆಯ ಹೆಚ್ಚಿನ ಸಮ್ಮೇಳನಗಳಲ್ಲಿ ಕಾಣುವಂಥವೇ.

ನಾನು ತೆರಿಗೆ ಕೆಲಸದವಳು. ನಮ್ಮದು ಸಣ್ಣ ಕಚೇರಿ. ಗಡಿಯಾಚೆ ಮಾಲು ಮಾರುವ, ಜನರನ್ನು ಕಳಿಸುವ ಮಧ್ಯಮ ಗಾತ್ರದ ಕಂಪನಿಗಳೇ ನಮ್ಮ ಕಕ್ಷಿದಾರರು. ಅವರ ಪ್ರಶ್ನೆ ಇನ್ನೊಂದು ದೇಶದ ಕಾನೂನಿಗೆ ಹೋಗಿ ಮುಟ್ಟಿದಾಗ ಧೈರ್ಯವಾಗಿ ಫೋನ್ ಮಾಡಬಹುದಾದ ಒಬ್ಬರು ಅಲ್ಲಿರಬೇಕು. ಅಂಥವರನ್ನು ಗುರುತಿಸಲು ಈ ಸಮ್ಮೇಳನ ನೆರವಾಯಿತೇ? ನಾನು ಅಳೆಯುವುದು ಅದೊಂದರಿಂದಲೇ.

ನೆರವಾಯಿತು, ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಒಂದು ಕಲಾಪದಿಂದ. ಎರಡನೇ ದಿನ ಮಧ್ಯಾಹ್ನದ ‘ಕೇಸ್ ಮೇಜು’ ಅದು. ಒಂದೊಂದು ಮೇಜಿಗೆ ಏಳೆಂಟು ಜನ, ಮೂರೂ ವೃತ್ತಿಯವರು ಬೆರೆತು. ಎಲ್ಲರ ಕೈಗೂ ಒಂದೇ ಪುಟದ ಕಲ್ಪಿತ ಪ್ರಕರಣ. ಯಂತ್ರ ತಯಾರಿಸುವ ಕಂಪನಿಯೊಂದು ಪಕ್ಕದ ದೇಶಕ್ಕೆ ಯಂತ್ರ ಮಾರಿ, ಕೂರಿಸಲು ತನ್ನ ಎಂಜಿನಿಯರುಗಳನ್ನು ಕಳಿಸುತ್ತದೆ. ಕೆಲಸ ಎಂಟು ತಿಂಗಳು ಎಳೆಯುತ್ತದೆ. ಅಲ್ಲಿರುವ ಅದರ ಮಾರಾಟ ಅಧಿಕಾರಿ ಬೆಲೆ, ಷರತ್ತು ಎಲ್ಲವನ್ನೂ ಮಾತಾಡಿ ಮುಗಿಸುತ್ತಾನೆ; ಸಹಿ ಮಾತ್ರ ಮುಖ್ಯ ಕಚೇರಿಯಲ್ಲಿ ಬೀಳುತ್ತದೆ. ಕೊನೆಯ ಕಂತಿನ ಹಣವನ್ನು ಖರೀದಿದಾರ ತಡೆಹಿಡಿದಿದ್ದಾನೆ.

ನಾವು ತೆರಿಗೆಯವರು ಮೊದಲು ತಿಂಗಳು ಎಣಿಸಿದೆವು. ಕಟ್ಟಡ ಅಥವಾ ಯಂತ್ರ ಜೋಡಣೆಯ ಕೆಲಸ 12 ತಿಂಗಳು ಮೀರಿದರೆ ಮಾತ್ರ ಅದು ಆ ದೇಶದಲ್ಲಿ ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್ (ಅಲ್ಲಿನ ಲಾಭಕ್ಕೆ ಆ ದೇಶ ತೆರಿಗೆ ಹಾಕಬಹುದಾದ ನೆಲೆ) ಎನ್ನುತ್ತದೆ, ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಮಾದರಿ ತೆರಿಗೆ ಒಪ್ಪಂದ. ವಿಶ್ವಸಂಸ್ಥೆಯ ಮಾದರಿಯಲ್ಲಿ ಆ ಗಡುವು 6 ತಿಂಗಳು. ನಮ್ಮ ಎಂಟು ತಿಂಗಳು ಸರಿಯಾಗಿ ನಡುವೆ ಬಂದು ಕೂತಿತ್ತು. ಎರಡು ದೇಶಗಳ ನಡುವಿನ ಒಪ್ಪಂದ ಯಾವ ಮಾದರಿಯನ್ನು ಹಿಡಿದಿದೆ ಎಂದು ನೋಡದೆ ಮುಂದೆ ಹೋಗುವಂತಿಲ್ಲ ಎಂದು ನಾನು ಹೇಳುತ್ತಿದ್ದಾಗ ಎದುರು ಕೂತಿದ್ದ ಹಿರಿಯ ವಕೀಲೆ ಪೆನ್ನು ಕೆಳಗಿಟ್ಟರು.

“ಮೇಡಂ, ತಿಂಗಳು ಆಮೇಲೆ ಎಣಿಸೋಣ. ಸಹಿ ಎಲ್ಲಿ ಬಿತ್ತು ಅನ್ನೋದನ್ನೂ ಸ್ವಲ್ಪ ಪಕ್ಕಕ್ಕಿಡಿ. ಮಾತು ಮುಗಿಸಿದ್ದು ಯಾರು?”

ಅವರ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂದು ಮೇಜಿನಲ್ಲಿದ್ದ ತೆರಿಗೆಯವರಿಗೆಲ್ಲ ತಕ್ಷಣ ಹೊಳೆಯಿತು. 2017ರಲ್ಲಿ ಒಇಸಿಡಿ ಮಾದರಿಯ ಐದನೇ ವಿಧಿ ಬದಲಾದ ಮೇಲೆ, ಒಪ್ಪಂದ ಕುದುರಿಸುವಲ್ಲಿ ಮುಖ್ಯ ಪಾತ್ರ ವಹಿಸುವ ಪ್ರತಿನಿಧಿಯೊಬ್ಬ ಅಲ್ಲಿದ್ದು, ಮುಖ್ಯ ಕಚೇರಿ ಅದನ್ನು ಹೆಚ್ಚು ತಿದ್ದದೆ ಸಹಿ ಹಾಕುವುದು ರೂಢಿಯಾಗಿದ್ದರೆ, ಸಹಿ ದೂರದಲ್ಲಿ ಬಿತ್ತೆಂಬ ಕಾರಣಕ್ಕೆ ಕಂಪನಿ ಅಲ್ಲಿನ ತೆರಿಗೆಯಿಂದ ತಪ್ಪಿಸಿಕೊಳ್ಳಲಾಗದು. ಆ ಬದಲಾವಣೆ ಈ ಎರಡು ದೇಶಗಳ ಒಪ್ಪಂದಕ್ಕೂ ಬಂದಿದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನೂ ಟಿಪ್ಪಣಿ ಮಾಡಿಕೊಂಡೆವು.

ಅಷ್ಟು ಹೊತ್ತು ಸುಮ್ಮನಿದ್ದ ಯುವ ಕನ್ಸಲ್ಟೆಂಟ್ ಕೇಳಿದ ಪ್ರಶ್ನೆಯನ್ನು ನಾನು ಈಗಲೂ ಮೆಚ್ಚಿಕೊಳ್ಳುತ್ತೇನೆ. “ಎಂಟು ತಿಂಗಳು ಯಾಕೆ ಬೇಕಾಯ್ತು ಸರ್? ಯಂತ್ರ ಕೂರಿಸೋಕೆ ಇಷ್ಟು ಕಾಲ ಹಿಡಿಯಲ್ಲ.” ಪುಟದ ಕೆಳಗಿನ ಒಂದು ಸಾಲನ್ನು ಅವನು ನಮಗೆಲ್ಲ ತೋರಿಸಿದ. ಖರೀದಿದಾರನ ಕೆಲಸಗಾರರಿಗೆ ತರಬೇತಿಯನ್ನೂ ಅದೇ ಎಂಜಿನಿಯರುಗಳು ಕೊಡುತ್ತಿದ್ದರು. ತರಬೇತಿಯನ್ನು ಅಲ್ಲಿನ ಸ್ವತಂತ್ರ ಸಂಸ್ಥೆಗೆ ವಹಿಸಿದ್ದರೆ ಜೋಡಣೆ ಎಷ್ಟೋ ಬೇಗ ಮುಗಿಯುತ್ತಿತ್ತು. ಅದನ್ನು ವಹಿಸುವುದು ತನ್ನದೇ ಗುಂಪಿನ ಇನ್ನೊಂದು ಕಂಪನಿಗಾದರೆ ಎಚ್ಚರ ಬೇಕೆಂದು ನಾನು ಸೇರಿಸಿದೆ. ಬೇಸ್ ಎರೋಷನ್, ಅಂದರೆ ಲಾಭವನ್ನು ಬೇರೆಡೆ ಸರಿಸಿ ತೆರಿಗೆ ತಗ್ಗಿಸಿಕೊಳ್ಳುವುದನ್ನು, ತಡೆಯಲು ತಂದ ಬಹುಪಕ್ಷೀಯ ತೆರಿಗೆ ಒಪ್ಪಂದದ 14ನೇ ವಿಧಿಯನ್ನು ಎರಡೂ ದೇಶ ಒಪ್ಪಿದ್ದರೆ, ಕೆಲಸವನ್ನು ಹೀಗೆ ತುಂಡು ಮಾಡಿದರೂ ದಿನಗಳನ್ನು ಕೂಡಿಸಿಯೇ ಲೆಕ್ಕ ಹಾಕುತ್ತಾರೆ.

ತಡೆಹಿಡಿದ ಕಂತಿನ ವಿಷಯ ಬಂದಾಗ ವಕೀಲೆ ಎರಡೇ ಮಾತಿನಲ್ಲಿ ದಾರಿ ತೋರಿಸಿದರು. ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು (ಜಗಳವನ್ನು ನ್ಯಾಯಾಲಯದ ಬದಲು ಮಧ್ಯಸ್ಥಗಾರರ ಮುಂದೆ ಒಯ್ಯುವ ಷರತ್ತು) ಇದ್ದರೆ, 1958ರ ನ್ಯೂಯಾರ್ಕ್ ಒಡಂಬಡಿಕೆಯ ಬಲದಿಂದ ಮಧ್ಯಸ್ಥಗಾರರ ತೀರ್ಪನ್ನು 170ಕ್ಕೂ ಹೆಚ್ಚು ದೇಶಗಳಲ್ಲಿ ಜಾರಿ ಮಾಡಿಸಿಕೊಳ್ಳಬಹುದು. ನ್ಯಾಯಾಲಯದ ತೀರ್ಪಿಗೆ ಅಷ್ಟು ವಿಶಾಲವಾದ ಬೆಂಬಲ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ಸಹಿಯ ವಿಚಾರದಲ್ಲಿ ಕಂಪನಿಗೆ ನೀವು ಬರೆಯುವ ಟಿಪ್ಪಣಿ ನಾಳೆ ಯಾರ ಕೈಗೆ ಹೋಗಬಹುದು ಎಂದು ಕೇಳಿದರು. ವಕೀಲರ ಸಲಹೆಗೆ ಸಿಗುವ ಗೋಪ್ಯತೆಯ ರಕ್ಷಣೆ ತೆರಿಗೆ ಸಲಹೆಗಾರರಿಗೆ ಎಲ್ಲೆಡೆ ಸಿಗುವುದಿಲ್ಲ. ಬ್ರಿಟನ್‌ನ ಸುಪ್ರೀಂ ಕೋರ್ಟ್ 2013ರ ಪ್ರುಡೆನ್ಷಿಯಲ್ ಪ್ರಕರಣದಲ್ಲಿ, ಲೆಕ್ಕಪರಿಶೋಧಕರು ಕೊಟ್ಟ ತೆರಿಗೆ ಸಲಹೆಗೆ ಆ ರಕ್ಷಣೆಯನ್ನು ವಿಸ್ತರಿಸಲು 5-2 ಬಹುಮತದಿಂದ ಒಪ್ಪಲಿಲ್ಲ. ಇಂಥ ಕೆಲಸದಲ್ಲಿ ವಕೀಲರನ್ನು ಯಾವ ಹಂತದಲ್ಲಿ ಕರೆಯಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣವನ್ನು ನಾನು ಯಾವ ವೇದಿಕೆಯ ಮೇಲಿಂದಲೂ ಕೇಳಿಲ್ಲ.

ಮೇಜು ನಡೆಸುತ್ತಿದ್ದವರ ಶಿಸ್ತನ್ನೂ ಹೇಳಲೇಬೇಕು. ಶುರುವಿನಲ್ಲೇ ಒಂದು ನಿಯಮ ಹಾಕಿದರು: ನಿಜವಾದ ಕಕ್ಷಿದಾರರ ಹೆಸರು ಬಾಯಿಗೆ ಬರಬಾರದು, ಗುರುತು ಸಿಗುವ ಸುಳಿವೂ ಬೇಡ. ಒಬ್ಬರು ಮಾತಿನ ಭರದಲ್ಲಿ “ನಮ್ಮೊಬ್ಬ ದೊಡ್ಡ ಕ್ಲೈಂಟ್” ಎಂದು ಶುರುಮಾಡಿದಾಗ ಅಲ್ಲೇ ವಿನಯದಿಂದ ತಡೆದರು. ಪರಿಚಯ ಬೆಳೆಸುವ ಸಭೆಯಲ್ಲಿ ಗುಟ್ಟು ಸೋರುವುದು ಎಷ್ಟು ಸುಲಭ ಎಂದು ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ಬಾಯಿ ಬಿಗಿ ಇರುವವರು ಯಾರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಯಾರು, ಬೇರೆಯವರ ಮಾತು ಪೂರ್ತಿ ಕೇಳುವವರು ಯಾರು, ಎಲ್ಲವೂ ಒಂದೂವರೆ ಗಂಟೆಯಲ್ಲಿ ಕಣ್ಣೆದುರೇ ಕಂಡಿತು. ಆ ವಕೀಲೆಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಕೆಲಸ ಕಳಿಸುತ್ತೇನೆ.

ಇದಕ್ಕೆ ಹೋಲಿಸಿದರೆ ಮೊದಲ ದಿನದ ‘ವೇಗದ ಪರಿಚಯ’ ಬರೀ ಹೊತ್ತು ತಿಂದಿತು. ಮೂರು ನಿಮಿಷಕ್ಕೊಮ್ಮೆ ಗಂಟೆ, ಗಂಟೆಯಾದಾಗ ಪಕ್ಕದ ಕುರ್ಚಿಗೆ ಜಿಗಿತ. ವಿಸಿಟಿಂಗ್ ಕಾರ್ಡುಗಳ ಕಟ್ಟು ಬೆಳೆಯಿತು. ಕಾರ್ಡು ಕೊಟ್ಟವರ ಮುಖ ನೆನಪಾಗುವುದಿಲ್ಲ. ಮೂರು ನಿಮಿಷದಲ್ಲಿ ಹೇಳಬಹುದಾದದ್ದು ಊರು, ಕಚೇರಿಯ ಗಾತ್ರ, ಎಷ್ಟು ವರ್ಷದ ಅನುಭವ, ಅಷ್ಟೇ. ಅವೆಲ್ಲ ಸದಸ್ಯರ ಪಟ್ಟಿಯಲ್ಲೇ ಇರುತ್ತವೆ. ಆ ಪಟ್ಟಿ ನಮ್ಮ ಕೈಗೆ ಸಿಕ್ಕಿದ್ದೋ ಸಮ್ಮೇಳನದ ಹಿಂದಿನ ರಾತ್ರಿ. ಯಾರನ್ನು ಭೇಟಿಯಾಗಬೇಕೆಂದು ಮೊದಲೇ ಗುರುತು ಹಾಕಿಕೊಂಡು, ಒಂದು ಸಾಲು ಬರೆದು, ಸಮಯ ಕೇಳಿಕೊಳ್ಳುವ ಅವಕಾಶವೇ ಇರಲಿಲ್ಲ. ಕೊರಳಿಗೆ ತೂಗುಹಾಕಿದ ಬ್ಯಾಡ್ಜಿನಲ್ಲಿ ಸಂಸ್ಥೆಯ ಹೆಸರು ದಪ್ಪಗಿತ್ತು; ಆ ವ್ಯಕ್ತಿ ಟ್ರಾನ್ಸ್‌ಫರ್ ಪ್ರೈಸಿಂಗ್ (ಒಂದೇ ಗುಂಪಿನ ಕಂಪನಿಗಳ ನಡುವಿನ ವ್ಯವಹಾರದ ಬೆಲೆ) ನೋಡುತ್ತಾರೋ ಕಾರ್ಮಿಕ ಕಾನೂನು ನೋಡುತ್ತಾರೋ ಎಂಬುದು ಎಲ್ಲೂ ಇರಲಿಲ್ಲ.

ಬೆಳಗಿನ ಮುಖ್ಯ ಭಾಷಣ ಜಾಗತಿಕ ಕನಿಷ್ಠ ತೆರಿಗೆಯ ಮೇಲೆ. ವಿಷಯ ದೊಡ್ಡದು, ನಿಜ. ಆದರೆ ಲಾಭದ ಮೇಲೆ ಕನಿಷ್ಠ 15 ಪ್ರತಿಶತ ತೆರಿಗೆ ಬೀಳಬೇಕೆನ್ನುವ ಆ ನಿಯಮ ಅನ್ವಯಿಸುವುದು ಹಿಂದಿನ ನಾಲ್ಕು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ 75 ಕೋಟಿ ಯೂರೋ ಅಥವಾ ಅದಕ್ಕಿಂತ ಹೆಚ್ಚು ಒಟ್ಟು ವರಮಾನ ಇದ್ದ ಬಹುರಾಷ್ಟ್ರೀಯ ಗುಂಪುಗಳಿಗೆ. ಸಭಾಂಗಣದಲ್ಲಿದ್ದ ಬಹುಪಾಲು ಜನರ ಕಕ್ಷಿದಾರರು ಆ ಎತ್ತರಕ್ಕೆ ಹತ್ತಿರವೂ ಇಲ್ಲ. ಅಂಥ ಗುಂಪು ಸಣ್ಣ ಕಂಪನಿಯೊಂದನ್ನು ಕೊಂಡಾಗ ಅದರ ಲೆಕ್ಕದ ಪುಸ್ತಕಗಳಿಂದ ಯಾವ ಯಾವ ವಿವರ ಕೇಳುತ್ತಾರೆ, ಅದನ್ನು ಒದಗಿಸುವ ಹೊಣೆ ಖರೀದಿ ಒಪ್ಪಂದದಲ್ಲಿ ಯಾರ ಮೇಲೆ ಬೀಳಬೇಕು ಎಂದು ಹೇಳಿದ್ದರೆ ಮೂರೂ ವೃತ್ತಿಯವರಿಗೆ ಕೆಲಸಕ್ಕೆ ಬರುತ್ತಿತ್ತು. ಭಾಷಣಕಾರರು ಸ್ಲೈಡು ಓದಿದರು. ಆಮೇಲೆ ಪ್ರಾಯೋಜಕರ ಸಾಫ್ಟ್‌ವೇರ್ ಪ್ರದರ್ಶನ, ಅದೂ ಎಲ್ಲರ ತಲೆ ಚುರುಕಾಗಿರುವ ಹೊತ್ತಿನಲ್ಲಿ.

ರೆಫರಲ್ ಹಣದ ಬಗೆಗಿನ ಚಿಕ್ಕ ಚರ್ಚೆ ಮಾತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಪ್ರಾಮಾಣಿಕವಾಗಿತ್ತು. ಕೆಲಸ ಕಳಿಸಿಕೊಟ್ಟವರಿಗೆ ಪಾಲು ಕೊಡಬಹುದೇ? ಅಕೌಂಟೆಂಟ್‌ಗಳ ಅಂತರರಾಷ್ಟ್ರೀಯ ನೀತಿಸಂಹಿತೆ ಇಂಥ ಹಣವನ್ನು ಸ್ವಹಿತಾಸಕ್ತಿಯ ಅಪಾಯ ಎಂದು ನೋಡುತ್ತದೆ. ಕಕ್ಷಿದಾರರಿಗೆ ತಿಳಿಸುವುದು ಅದಕ್ಕೊಂದು ಕಾವಲು. ವಕೀಲರಿಗೆ ಹಲವು ಕಡೆ ಕಟ್ಟು ಇನ್ನೂ ಬಿಗಿ: ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 5.4, ವಕೀಲರಲ್ಲದವರ ಜೊತೆ ಶುಲ್ಕ ಹಂಚಿಕೊಳ್ಳುವುದನ್ನು ಬಹುತೇಕ ತಡೆಯುತ್ತದೆ. ವೇದಿಕೆಯಲ್ಲಿದ್ದವರೊಬ್ಬರು ತಮ್ಮ ಕಚೇರಿ ಪಾಲು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ನೇರವಾಗಿ ಹೇಳಿದರು. ನನ್ನ ನಿಲುವೂ ಅದೇ. ನನ್ನ ಕಕ್ಷಿದಾರರನ್ನು ಇನ್ನೊಬ್ಬರ ಬಳಿ ಕಳಿಸುವಾಗ ನಡುವೆ ಹಣ ಬಂದರೆ ನನ್ನ ಶಿಫಾರಸಿಗೆ ಬೆಲೆ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಬಂದವರಲ್ಲಿ ಹೆಚ್ಚಿನವರು ಪಾಲುದಾರರು, ನಮ್ಮ ವಯಸ್ಸಿನವರು. ಗಡಿಯಾಚೆಯ ಕಡತವನ್ನು ದಿನಾ ತಿರುವಿಹಾಕುವವರು, ರಾತ್ರಿ ಹತ್ತಕ್ಕೆ ಇನ್ನೊಂದು ದೇಶದ ಕಚೇರಿಗೆ ಮೇಲ್ ಬರೆಯುವವರು ನಮ್ಮ ಕಿರಿಯರು. ಅವರಿಗೆ ಆ ಕಡೆಯವರ ಮುಖ ಪರಿಚಯವಿದ್ದರೆ ಕೆಲಸ ಎಷ್ಟು ಹಗುರಾಗುತ್ತದೆ! ನಮ್ಮ ಮೇಜಿನ ಆ ಯುವ ಕನ್ಸಲ್ಟೆಂಟ್ ಬಂದದ್ದು, ಅವನ ಮೇಲಿನವರಿಗೆ ಕೊನೆ ಗಳಿಗೆಯಲ್ಲಿ ಬೇರೆ ಕೆಲಸ ಬಿದ್ದದ್ದರಿಂದ ಎಂದು ಆಮೇಲೆ ಗೊತ್ತಾಯಿತು.

ಗಡಿ ದಾಟುವ ಕೆಲಸ ಕೈಯಲ್ಲಿರುವವರು, ಅಥವಾ ಸದ್ಯದಲ್ಲೇ ಬರಲಿದೆ ಎನ್ನುವವರು ಇಂಥ ಸಮ್ಮೇಳನಕ್ಕೆ ಹೋಗಿ. ಬರೀ ಹೊಸ ಕಕ್ಷಿದಾರರ ಆಸೆಗಾದರೆ ಬೇಡ. ಅಲ್ಲಿ ಸಿಗುವವರೆಲ್ಲ ನಿಮ್ಮ ಹಾಗೇ ಸಲಹೆ ಮಾರುವವರು. ನೋಂದಣಿಗೆ ಮೊದಲು ಆಯೋಜಕರನ್ನು ಎರಡು ಪ್ರಶ್ನೆ ಕೇಳಿ: ಬರುವವರ ಪಟ್ಟಿ ಯಾವಾಗ ಕೊಡುತ್ತೀರಿ, ಒಂದೇ ಪ್ರಕರಣದ ಮೇಲೆ ಎಲ್ಲರೂ ಕೂತು ಕೆಲಸ ಮಾಡುವ ಕಲಾಪ ಎಷ್ಟು ಹೊತ್ತಿನದು. ಸಮಾಧಾನದ ಉತ್ತರ ಬರದಿದ್ದರೆ ಶುಲ್ಕ ಕಟ್ಟಬೇಡಿ.

ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಆ ಕೇಸ್ ಮೇಜಿಗೆ. ಅದನ್ನು ಮೊದಲ ದಿನದ ಬೆಳಿಗ್ಗೆಗೆ ತನ್ನಿ, ಗಂಟೆ ಬಾರಿಸುವ ಭೇಟಿಗಳನ್ನು ಕೈಬಿಡಿ, ಕಿರಿಯರಿಗೆ ಶುಲ್ಕ ಇಳಿಸಿ ಎಂದು ಆಯೋಜಕರಿಗೆ ಬರೆದು ಕಳಿಸಿದ್ದೇನೆ. ಮುಂದಿನ ಸಲಕ್ಕೆ ನಮ್ಮ ಕಚೇರಿಯಿಂದ ನನ್ನ ಬದಲು ನಮ್ಮ ಕಿರಿಯ ಸಹೋದ್ಯೋಗಿಯ ಹೆಸರು ಕೊಟ್ಟಿದ್ದೇನೆ.