ಹಾಡುವ ಅಲಗು, ಡೊಂಕಾದ ಬೆನ್ನು: ಎರಡು ನೇರ ರೇಜರ್‌ಗಳೊಂದಿಗೆ ಮೂರು ವರ್ಷ

ನೊರೆ ಹಚ್ಚಿದ ಕೆನ್ನೆಯ ಮೇಲೆ ಫುಲ್ ಹಾಲೋ ಎಂಬ ಬಗೆಯ ಕ್ಷೌರದ ಕತ್ತಿಯನ್ನು ಎಳೆದಾಗ ಕೇಳುವ ಸದ್ದಿಗೆ ಮರುಳಾಗಿಯೇ ನಾನು ಅದನ್ನು ಕೊಂಡದ್ದು. ಸಾಣೆಚಕ್ರದಿಂದ ಎರಡೂ ಬದಿಯಲ್ಲಿ ಆಳವಾಗಿ ಕೊರೆದು ತೆಳುವಾಗಿಸಿದ ಅದರ ಅಲಗು ಒಂದೊಂದು ಕೂದಲು ತುಂಡಾಗುವಾಗಲೂ ಸಣ್ಣಗೆ ಮಿಡಿಯುತ್ತದೆ. ಕೆನ್ನೆಯ ಮೇಲೆ ಪಿಸುಗುಟ್ಟುವ ಅದೇ ಸದ್ದು ಗದ್ದದ ಒರಟು ಕೂದಲಿಗೆ ಬಂದಾಗ ಜೋರಾಗುತ್ತದೆ. ಕೈಯ ಕೋನ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲವೆಂದು ಮೊದಲ ಆರು ತಿಂಗಳು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಒಂದು ವರ್ಷದ ನಂತರ, ಅದರ ಅರ್ಧಕ್ಕೂ ಕಡಿಮೆ ಬೆಲೆಗೆ, 7/8 ಅಂಗುಲ ಅಗಲದ ಕ್ವಾರ್ಟರ್ ಹಾಲೋ, ಅಂದರೆ ಕಡಿಮೆ ಕೊರೆದ ದಪ್ಪ ಅಲಗಿನ ರೇಜರ್ ಒಂದನ್ನು ತರಿಸಿದೆ. ಹಿಡಿ ಸಾದಾ ಪ್ಲಾಸ್ಟಿಕ್ಕಿನದು, ಅಲಗಿನ ಮೇಲೆ ಚಿನ್ನದ ಬಣ್ಣದ ಬರಹವೂ ಇಲ್ಲ. ಟೊಳ್ಳು ಹೆಚ್ಚಾದಷ್ಟೂ ಹರಿತ ಹೆಚ್ಚು ಎಂಬ ನಂಬಿಕೆ ಆಗ ನನ್ನಲ್ಲಿಯೂ ಇತ್ತು. ಅಳತೆಪಟ್ಟಿ ಹಿಡಿದಾಗ ಅದು ಕಳಚಿತು. ಸಾಣೆಕಲ್ಲಿನ ಮೇಲೆ ಬೆನ್ನು ಮತ್ತು ಅಂಚು ಒಟ್ಟಿಗೆ ಮಲಗುವುದರಿಂದ ಅಂಚಿನ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪ ಹಾಗೂ ಅಲಗಿನ ಅಗಲ, ನಡುವಿನ ಟೊಳ್ಳಲ್ಲ. ನನ್ನ ಫುಲ್ ಹಾಲೋದ ಅಗಲ 16 ಮಿ.ಮೀ., ಬೆನ್ನು 4.5 ಮಿ.ಮೀ.; ಇನ್ನೊಂದರದು 22 ಮತ್ತು 6.2. ಎರಡರಲ್ಲೂ ಕೋನ ಹೆಚ್ಚುಕಡಿಮೆ 16 ಡಿಗ್ರಿ. ಹೆಚ್ಚು ಹಣ ಹೋಗುವುದು ಹರಿತಕ್ಕಲ್ಲ, ಅಲಗನ್ನು ಕಾಗದದಷ್ಟು ತೆಳುವಾಗುವವರೆಗೆ ಹಂತಹಂತವಾಗಿ ಕೊರೆಯುವ ನುರಿತ ಕೈಗಳ ಶ್ರಮಕ್ಕೆ. ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೆರ್ ಪಟ್ಟಣಗಳು ಹೆಸರಾದದ್ದು ಇಂಥ ಕೈಗಳಿಂದಲೇ.

ಬೆಳಗಿನ ಕ್ರಮ ಎರಡಕ್ಕೂ ಒಂದೇ. ಬ್ರಶ್ಶನ್ನು ಬಿಸಿನೀರಿನಲ್ಲಿ ನೆನೆಯಲು ಬಿಟ್ಟು, ಅಲಗನ್ನು ನಯಗೊಳಿಸುವ ಪಟ್ಟಿಯಾದ ಸ್ಟ್ರಾಪಿನ ಬಟ್ಟೆಯ ಬದಿಯಲ್ಲಿ ಮೂವತ್ತು ಬಾರಿ, ಚರ್ಮದ ಬದಿಯಲ್ಲಿ ಅರವತ್ತು ಬಾರಿ, ಬೆನ್ನು ಮುಂದೆ ಅಂಚು ಹಿಂದೆ ಇರುವಂತೆ ಎಳೆಯುತ್ತೇನೆ. ತುದಿ ಮುಟ್ಟಿದಾಗ ಅಲಗನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ಒಮ್ಮೆ ಅವಸರದಲ್ಲಿ ಅಂಚಿನ ಮೇಲೆ ಹೊರಳಿಸಿ ಚರ್ಮದಲ್ಲಿ ಮಾಡಿದ ಅರ್ಧಚಂದ್ರಾಕಾರದ ಗಾಯ ಇಂದಿಗೂ ಇದೆ. ಚರ್ಮ ಅಲಗನ್ನು ಮೆಲ್ಲಗೆ ಹಿಡಿದು ಬಿಡುವ ಆ ಎಳೆತ ಬೆರಳಿಗೆ ತಿಳಿಯತೊಡಗಿದ ಮೇಲೆ ಎಣಿಸುವುದನ್ನೇ ಮರೆಯುತ್ತೇನೆ.

ಫುಲ್ ಹಾಲೋದ ಮೇಲೆ ನನ್ನ ಮನಸ್ಸು ಕೆಟ್ಟದ್ದು ಅದನ್ನು ಮೊದಲ ಸಲ ಕಲ್ಲಿಗೆ ಹಿಡಿದ ದಿನ. ಅಂಚಿನುದ್ದಕ್ಕೂ ಕಪ್ಪು ಮಾರ್ಕರ್ ಬಳಿದು, 1000 ಗ್ರಿಟ್ (ಕಲ್ಲಿನ ನಯದ ಅಳತೆ) ಸಾಣೆಕಲ್ಲಿನ ಮೇಲೆ ಒತ್ತಡವಿಲ್ಲದೆ ನಾಲ್ಕು ಬಾರಿ ಎಳೆದು ನೋಡಿದರೆ ಒಂದು ಬದಿಯಲ್ಲಿ ಬುಡ ಮತ್ತು ತುದಿಯ ಶಾಯಿ ಅಳಿಸಿತ್ತು, ನಡುವೆ ಸುಮಾರು ಎರಡು ಬೆರಳಗಲ ಹಾಗೆಯೇ ಕಪ್ಪಾಗಿತ್ತು. ಮಗ್ಗುಲು ಬದಲಿಸಿದರೆ ಇದರ ತದ್ವಿರುದ್ಧ. ಅಲಗು ಬಾಗಿತ್ತು. ಒತ್ತಿ ಮಸೆಯೋಣವೆಂದರೆ ತೆಳ್ಳಗಿನ ಲೋಹ ಬಳುಕಿ ಅಂಚು ಕಲ್ಲಿನಿಂದ ಏಳುತ್ತದೆ, ಬೆನ್ನು ಮಾತ್ರ ಸವೆಯುತ್ತದೆ. ಮಾರಿದವರಿಗೆ ಚಿತ್ರ ಸಮೇತ ಬರೆದೆ. ಕೈಕೆಲಸದಲ್ಲಿ ಇಷ್ಟು ವ್ಯತ್ಯಾಸ ಸಹಜವೆಂಬ ಉತ್ತರ ಬಂತು. ಹಿಡಿಯ ಮೇಲಿನ ಕೆತ್ತನೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಒಂದು ಕೂದಲೆಳೆಯಷ್ಟೂ ಇರಲಿಲ್ಲ!

ಕೊನೆಗೆ ಅಗಲ ಕಡಿಮೆಯಿರುವ ಕಲ್ಲೊಂದನ್ನು ಕೊಂಡು, ಬುಡದಿಂದ ತುದಿಗೆ ಒತ್ತು ಸರಿಸುತ್ತ ಓರೆಯಾಗಿ ಎಳೆಯುವುದನ್ನು ಕಲಿತೆ. ಆದರೂ ಪ್ರತಿ ಸಲ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಗ್ಗದ ಕ್ವಾರ್ಟರ್ ಹಾಲೋ ಗಾಜಿನ ಹಲಗೆಯ ಮೇಲೆ ಮಲಗಿಸಿದರೆ ಅಲುಗಾಡುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ಈಗ ಕೊಳ್ಳುವುದಾದರೆ ನಾನು ಗ್ರೈಂಡಿನ, ಅಂದರೆ ಅಲಗು ಕೊರೆದ ಬಗೆಯ, ಹೆಸರಿಗಿಂತ ಮೊದಲು ಈ ಗಾಜಿನ ಪರೀಕ್ಷೆಯನ್ನೇ ಮಾಡುತ್ತೇನೆ.

ಹಾಗೆಂದು ಅಗ್ಗದ್ದು ಎಲ್ಲದರಲ್ಲೂ ಮೇಲೇನಲ್ಲ. ಮೂಗಿನ ಕೆಳಗೆ ಅದರ ಅಗಲ ಅಡ್ಡಬರುತ್ತದೆ, ಕೋನ ತಪ್ಪಿದರೂ ಅದು ಮೌನವಾಗಿಯೇ ಕೊಯ್ಯುತ್ತದೆ. ಮೂರು ದಿನದ ಗಡ್ಡವನ್ನು ಬಳುಕದೆ ತೆಗೆಯುವ ಅದರ ತೂಕಕ್ಕಾಗಿ ಕೆಲಸದ ದಿನಗಳಲ್ಲಿ ಅದನ್ನೇ ಹಿಡಿಯುತ್ತೇನೆ. ಬಿಡುವಿದ್ದ ದಿನ ಕೈ ಇನ್ನೂ ಆ ಡೊಂಕಿನತ್ತಲೇ ಹೋಗುತ್ತದೆ. ಸದ್ದು ಸರಿಯಾಗಿ ಕೇಳಲೆಂದು ಮೊದಲು ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸುತ್ತೇನೆ.