ಹಳೆ ಕಾರಿನ ಬೋಲ್ಟಿಗೆ ಪ್ಲೇಟಿಂಗ್: ಕೊನೆಗೆ ಮನೆಯ ಬಕೆಟ್ಟೇ ವಾಸಿ

ತುಕ್ಕು ಹಿಡಿಯದಂತೆ ಬೋಲ್ಟಿನ ಮೇಲೆ ಸತುವಿನ ತೆಳು ಪದರ ಕೂರಿಸುವ ಪ್ಲೇಟಿಂಗ್ ಅಂಗಡಿಯಿಂದ ಬಂದ ಡಬ್ಬಿ ತೆರೆದಾಗ ಮೊದಲು ಖುಷಿಯೇ ಆಯಿತು. ಬೋಲ್ಟು, ವಾಷರ್, ಕ್ಲಿಪ್ಪು ಎಲ್ಲವೂ ಹೊಚ್ಚ ಹೊಸದಾಗಿ ಹಳದಿ ಹೊಳೆಯುತ್ತಿದ್ದವು. ಐದು ನಿಮಿಷ ಬಿಟ್ಟು ಗೊತ್ತಾಯಿತು, ತೊಂದರೆ ಇರುವುದೇ ಅಲ್ಲಿ. ಎಲ್ಲವೂ ಹಳದಿ! ನಾನು ಕೊಟ್ಟಿದ್ದರಲ್ಲಿ ಅರ್ಧಕ್ಕರ್ಧ ಬೆಳ್ಳಿ ಬಣ್ಣದವು, ಒಂದಿಷ್ಟು ಕಡು ಬೂದು. ಚೀಟಿ ಬರೆದು ಬೇರೆ ಬೇರೆ ಚೀಲಕ್ಕೆ ಹಾಕಿ ಕೊಟ್ಟಿದ್ದೆ. ಅವರು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದಿದ್ದಾರೆ.

ಹಳೆಯ ಕಾರಿನ ಬೋಲ್ಟುಗಳಿಗೆ ಒಂದೇ ಬಣ್ಣ ಅಂತ ಇರುವುದಿಲ್ಲ. ಒಂದೊಂದು ಭಾಗ ಒಂದೊಂದು ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಜೋಡಣೆ ಆಗುತ್ತಿತ್ತು. ನನ್ನ ಎಪ್ಪತ್ತರ ದಶಕದ ಕಾರಿನ ಬಾನೆಟ್ ಎತ್ತಿದರೆ ಒಂದು ಬ್ರಾಕೆಟ್ ಮೇಲೆ ಹಳದಿ ಕ್ರೋಮೇಟ್ (ಸತುವಿಗೆ ಬಣ್ಣ, ಕಾವಲು ಎರಡೂ ಕೊಡುವ ಕ್ರೋಮಿಯಂ ಪದರ) ಹಾಕಿದ ಸತು. ಅದರ ಪಕ್ಕದಲ್ಲೇ ಬಿಳಿ ಸತು. ಹಿಂಜ್ ಬೋಲ್ಟುಗಳ ಮೇಲೆ ಎಣ್ಣೆ ಕುಡಿದ ಬೂದು ಫಾಸ್ಫೇಟ್. ಯಾವುದಕ್ಕೆ ಏನಿತ್ತು ಅಂತ ತಿಳಿಯಬೇಕಾದರೆ ವಾಷರ್ ಕೆಳಗೆ ನೋಡಿ, ಬೋಲ್ಟಿನ ತಲೆಯ ಅಡಿಗೆ ನೋಡಿ. ಗಾಳಿ ನೀರು ತಾಕದ ಆ ಜಾಗದಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ. ತೊಳೆಯುವ ಮೊದಲೇ ಫೋಟೋ ತೆಗೆದಿಡಿ. ನಾನು ಮೊದಲು ತೊಳೆದೆ, ಆಮೇಲೆ ಫೋಟೋ ತೆಗೆದೆ. ಆ ಫೋಟೋಗಳಿಂದ ಏನೂ ಪ್ರಯೋಜನವಿಲ್ಲ.

ನಾಲ್ಕು ದಾರಿ ನೋಡಿದ್ದೇನೆ: ಅಂಗಡಿಯ ಪ್ಲೇಟಿಂಗ್, ಸ್ಪ್ರೇ ಪೇಂಟ್, ಫಾಸ್ಫೇಟ್, ಮನೆಯಲ್ಲೇ ಸತು ಪ್ಲೇಟಿಂಗ್. ಗುಟ್ಟೇನೂ ಇಲ್ಲ, ನನ್ನ ಓಟು ಕೊನೆಯದಕ್ಕೆ.

ಅಂಗಡಿಯವರ ಕೆಲಸ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಪದರ ಎಲ್ಲ ಕಡೆ ಸಮನಾಗಿ ಕೂತಿತ್ತು. ಆದರೆ ತುಕ್ಕು ತೆಗೆಯಲು ಮರಳು ಹೊಡೆದಿದ್ದರು. ಪ್ಲೇಟಿಂಗ್ ಅಂದರೆ ಪೇಂಟ್ ಅಲ್ಲ, ಅದು ಏನನ್ನೂ ಮುಚ್ಚುವುದಿಲ್ಲ. ಕೆಳಗಿನ ಲೋಹ ಹೇಗಿದೆಯೋ ಹಾಗೇ ಮೇಲೆ ಕಾಣುತ್ತದೆ. ಮರಳು ಹೊಡೆದ ಬೋಲ್ಟು ಒರಟಾಗಿ, ಮಂಕಾಗಿ ಕಾಣುತ್ತದೆ. ಕಾರ್ಖಾನೆಯಿಂದ ಬಂದಾಗ ಅದರ ಮೈ ನುಣುಪಾಗಿತ್ತು, ತಲೆಯ ಮೇಲಿನ ಅಕ್ಷರಗಳ ಅಂಚು ಚೂಪಾಗಿತ್ತು. ಈಗ ಆ ಅಕ್ಷರಗಳು ಅರ್ಧ ಕರಗಿದ ಸೋಪಿನ ಮೇಲಿನ ಹೆಸರಿನ ಹಾಗಿವೆ.

ಅಂಗಡಿಯ ಹಳದಿಯೂ ಹಳೆಯ ಹಳದಿ ಅಲ್ಲ. ಹಿಂದಿನ ಹಳದಿಯಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಇರುತ್ತಿತ್ತು. ಅದು ಕ್ಯಾನ್ಸರ್ ತರುವ ವಸ್ತು. ಯುರೋಪ್ ಒಕ್ಕೂಟ 2000ರಲ್ಲಿ ತಂದ ಬಳಕೆ ಮುಗಿದ ವಾಹನಗಳ ವಿಲೇವಾರಿ ನಿಯಮದ ಪ್ರಕಾರ 2007ರ ಜುಲೈಯಿಂದ ಹೊಸ ಕಾರುಗಳ ಬಿಡಿಭಾಗಗಳ ಮೇಲೆ ಅದನ್ನು ಬಳಸುವಂತಿಲ್ಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಟ್ರೈವೆಲೆಂಟ್ ದ್ರಾವಣ, ಅಂದರೆ ಕ್ರೋಮಿಯಮ್ಮಿನದೇ ಅಷ್ಟು ಅಪಾಯವಿಲ್ಲದ ಇನ್ನೊಂದು ರೂಪ. ಆರೋಗ್ಯಕ್ಕೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವಂಥ ಆ ಹಸಿರು, ಕೆಂಪು ಮಿಶ್ರಿತ ಹೊಳಪು ನನಗೆ ಬಂದ ಡಬ್ಬಿಯಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಮೂರು ವಾಷರ್ ಕಾಣೆಯಾಗಿದ್ದವು. ಬದಲಿಗೆ ಯಾರದೋ ಒಂದು ಬೋಲ್ಟು ಬಂದಿತ್ತು. ಅದು ಇನ್ನೂ ನನ್ನ ಹತ್ತಿರವೇ ಇದೆ.

ಸ್ಪ್ರೇ ಪೇಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿನ್ನದ ಬಣ್ಣದ ಮೇಲೆ ಹಸಿರು, ಕೆಂಪು ತೆಳುವಾಗಿ ಊದಿ ಕ್ರೋಮೇಟ್ ಥರ ಮಾಡುವ ಕಿಟ್ ಸಿಗುತ್ತದೆ. ಎರಡು ಹೆಜ್ಜೆ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಸ್ಪ್ಯಾನರ್ ಇಟ್ಟು ಒಂದು ಸುತ್ತು ತಿರುಗಿಸಿದರೆ ಮೂಲೆಯ ಪೇಂಟ್ ಎದ್ದು ಬರುತ್ತದೆ. ಯಾರೂ ಬಿಚ್ಚದ ಬ್ರಾಕೆಟ್‌ಗೆ ಸಾಕು, ಬೋಲ್ಟಿಗೆ ಬೇಡ.

ಫಾಸ್ಫೇಟ್ ಮಾತ್ರ ನನಗೆ ಇಷ್ಟ. ಬೂದು, ಕಪ್ಪು ಭಾಗಗಳಿಗೆ ಅದರಷ್ಟು ಸರಿಹೊಂದುವುದು ಬೇರೆ ಇಲ್ಲ. ಫಾಸ್ಫಾರಿಕ್ ಆ್ಯಸಿಡ್ ಇರುವ ದ್ರಾವಣವನ್ನು ಸುಮಾರು 90 ಡಿಗ್ರಿಗೆ ಕಾಯಿಸಿ ಅದರಲ್ಲಿ ಮುಳುಗಿಸಬೇಕು. ಸತುವಿನದಾದರೆ ತಿಳಿ ಬೂದು, ಮ್ಯಾಂಗನೀಸ್‌ದಾದರೆ ಹೆಚ್ಚು ಕಪ್ಪು. ಆ ಪದರ ಒಂಥರಾ ಸ್ಪಂಜು. ತೊಳೆದ ತಕ್ಷಣ ಎಣ್ಣೆ ಕುಡಿಸಬೇಕು. ತುಕ್ಕನ್ನು ತಡೆಯುವುದು ಹೆಚ್ಚಾಗಿ ಆ ಎಣ್ಣೆಯೇ. ಒಣಗಿಸಿ ಹಾಗೇ ಇಟ್ಟರೆ ಕೆಲವೇ ದಿನದಲ್ಲಿ ಕಂದು ಚುಕ್ಕೆ ಕಾಣುತ್ತದೆ. ಕಾಯಿಸದೆ ಹಚ್ಚುವ ಕಪ್ಪು ದ್ರಾವಣವನ್ನೂ ಒಮ್ಮೆ ತಂದೆ. ಬೋಲ್ಟಿಗಿಂತ ನನ್ನ ಕೈ ಜಾಸ್ತಿ ಕಪ್ಪಾಯಿತು.

ಈಗ ನನ್ನ ಬಕೆಟ್‌ಗೆ ಬರೋಣ. ಸತುವಿನ ಎರಡು ತಗಡು, ಅದರ ದ್ರಾವಣ, ವಿದ್ಯುತ್ ಕೊಡಲು ಒಂದು ಪವರ್ ಸಪ್ಲೈ. ಸತುವಿನ ತಗಡು ಪ್ಲಸ್‌ಗೆ, ಬೋಲ್ಟು ಮೈನಸ್‌ಗೆ. ಲೆಕ್ಕವೂ ಸುಲಭ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗಕ್ಕೆ ಒಂದೂವರೆ ಆಂಪಿಯರ್ ಕೊಟ್ಟರೆ 20 ನಿಮಿಷದಲ್ಲಿ ಹೆಚ್ಚುಕಡಿಮೆ 8 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎಂಟು ಪಾಲು) ಸತು ಕೂರುತ್ತದೆ. 8 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಉದ್ದದ ಎಂಟೊಂಬತ್ತು ಬೋಲ್ಟು ಸೇರಿದರೆ ಸುಮಾರು ಅಷ್ಟು ಜಾಗ ಆಗುತ್ತದೆ. ಆಸೆಗೆ ಬಿದ್ದು ಒಂದು ಗಂಟೆ ಬಿಟ್ಟರೆ ನಟ್ಟು ಹತ್ತುವುದಿಲ್ಲ. ಥ್ರೆಡ್ಡಿನ ಎರಡೂ ಓರೆಗಳ ಮೇಲೆ ಪದರ ಕೂರುವುದರಿಂದ, 8 ಮೈಕ್ರಾನ್ ಹಾಕಿದರೆ ಅಲ್ಲಿನ ವ್ಯಾಸ 32 ಮೈಕ್ರಾನ್ ಹೆಚ್ಚುತ್ತದೆ.

ತುಕ್ಕು ತೆಗೆಯುವುದು ನನ್ನ ಕೈಯಲ್ಲೇ ಇದೆ. ವೈರ್ ಬ್ರಷ್ಷಿನಲ್ಲಿ ಉಜ್ಜುತ್ತೇನೆ, ತಲೆಯ ಅಕ್ಷರ ಹಾಗೇ ಉಳಿಯುತ್ತದೆ. ಇಲ್ಲೊಂದು ಎಚ್ಚರಿಕೆ. ಹಳೆಯ ಕಾರುಗಳ ಎಷ್ಟೋ ಭಾಗಗಳಿಗೆ ಕ್ಯಾಡ್ಮಿಯಂ ಪ್ಲೇಟಿಂಗ್ ಇರುತ್ತಿತ್ತು. ಅದು ವಿಷ. ಅಂಥದ್ದು ಅಂತ ಅನುಮಾನ ಬಂದರೆ ಒಣ ಬ್ರಷ್ ಹಾಕಿ ಪುಡಿ ಎಬ್ಬಿಸಬೇಡಿ. ಮನೆಯಲ್ಲಿ ಕ್ಯಾಡ್ಮಿಯಂ ಹಾಕುವ ಯೋಚನೆಯಂತೂ ಬೇಡವೇ ಬೇಡ. ಹೊಳಪಿನ ಮದ್ದು ಬೆರೆಸದೆ ಸತು ಹಾಕಿ, ಸ್ಟೀಲ್ ವುಲ್‌ನಿಂದ ಹಗುರವಾಗಿ ಒಮ್ಮೆ ಸವರಿದರೆ ಕ್ಯಾಡ್ಮಿಯಮ್ಮಿನ ಆ ಮೆತ್ತನೆಯ ಬಿಳುಪಿಗೆ ಸಾಕಷ್ಟು ಹತ್ತಿರ ಬರುತ್ತದೆ.

ಸತು ಹಾಕುವುದು ಮೊದಲ ದಿನವೇ ಕೈಗೆ ಬಂತು. ನನ್ನನ್ನು ಗೋಳು ಹೊಯ್ದುಕೊಂಡಿದ್ದು ಹಳದಿ, ಅಂದರೆ ಸತು ಹಾಕಿದ ಬೋಲ್ಟನ್ನು ಕ್ರೋಮೇಟ್ ದ್ರಾವಣದಲ್ಲಿ ಮುಳುಗಿಸುವ ಕೆಲಸ. ಮೊದಲ ಸಲ ಒಂದು ನಿಮಿಷದ ಮೇಲೆ ಮುಳುಗಿಸಿಟ್ಟೆ, ಗಾಢ ಬಣ್ಣ ಬರಲಿ ಅಂತ. ಬಂದಿದ್ದು ಕಂದು. ಒರೆಸಿದರೆ ಬಟ್ಟೆಗೇ ಬಂತು. ಎರಡನೇ ಸಲ ಸಮಯ ಕಡಿಮೆ ಮಾಡಿದೆ. ನೀರಿನಿಂದ ಎತ್ತಿದಾಗ ಎಂಥ ಚೆಂದ ಅಂತೀರಿ! ಹಸಿರು, ಗುಲಾಬಿ, ಚಿನ್ನ ಎಲ್ಲ ಒಟ್ಟಿಗೆ. ನೀರು ಆರಲಿ ಅಂತ ಮೆತ್ತನೆಯ ಬಟ್ಟೆಯಲ್ಲಿ ಒತ್ತಿದೆ. ಒತ್ತಿದ ಕಡೆಯೆಲ್ಲ ಬಿಳಿ ಸತು ಇಣುಕಿತು. ಮೂರನೇ ಸಲ ಬಟ್ಟೆ ಮುಟ್ಟಲಿಲ್ಲ. ಜಾಣತನ ಮಾಡಿ ಹೇರ್ ಡ್ರೈಯರ್ ಹಿಡಿದೆ. ಬಣ್ಣ ನಿಂತಿತು, ಗೆದ್ದೆ ಅಂದುಕೊಂಡೆ. ತಿಂಗಳೊಳಗೆ ಆ ಬೋಲ್ಟುಗಳ ಮೇಲೆ ಬಿಳಿ ಪುಡಿ. ಸತುವಿನ ತುಕ್ಕು ಅದು.

ಆಮೇಲೆ ಓದಿ ತಿಳಿದುಕೊಂಡೆ. ಕ್ರೋಮೇಟ್ ಪದರ ಹಸಿಯಾಗಿದ್ದಾಗ ಜೆಲ್ಲಿಯ ಹಾಗೆ ಇರುತ್ತದೆ. ಗಟ್ಟಿಯಾಗಲು ಒಂದು ದಿನ ಬೇಕು. ಸುಮಾರು 65 ಡಿಗ್ರಿ ಮೀರಿ ಬಿಸಿ ಮಾಡಿದರೆ ಒಳಗಿನ ನೀರು ಹೋಗಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಬಣ್ಣ ಇರುತ್ತದೆ, ಕಾವಲು ಇರುವುದಿಲ್ಲ. ನಾನು ಮೂರು ಸಲವೂ ಮಾಡಿದ ತಪ್ಪು ಒಂದೇ, ಸುಮ್ನೆ ಬಿಡಲಿಲ್ಲ. ಈಗ ಬೋಲ್ಟನ್ನು ತಾಮ್ರದ ತಂತಿಗೆ ಕಟ್ಟಿ ಮುಳುಗಿಸುತ್ತೇನೆ. ಎಣಿಸಿ ಮೂವತ್ತು ಸೆಕೆಂಡಿಗೆ ಎತ್ತುತ್ತೇನೆ. ತಣ್ಣೀರಿನಲ್ಲಿ ಆಡಿಸಿ, ಆ ತಂತಿಯಲ್ಲೇ ನೇತು ಹಾಕಿ, ಕೋಣೆಯ ಬಾಗಿಲು ಹಾಕಿಕೊಂಡು ಬರುತ್ತೇನೆ. ಬಾಗಿಲು ಹಾಕುವುದು ಬೋಲ್ಟಿಗಾಗಿ ಅಲ್ಲ, ನನ್ನ ಕೈ ಸುಮ್ಮನಿರಲಿ ಅಂತ. ನನ್ನ ಕಿಟ್‌ನ ಹಳದಿ ಹಳೆಯ ಹೆಕ್ಸಾವೆಲೆಂಟ್ ಬಗೆಯದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟುವ ಹಾಗಿಲ್ಲ. ಹಳೆಯ ದ್ರಾವಣವನ್ನು ಚರಂಡಿಗೆ ಚೆಲ್ಲುವ ಹಾಗೂ ಇಲ್ಲ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಈ ರಗಳೆ ಬೇಡ ಅನ್ನುವವರು ಟ್ರೈವೆಲೆಂಟ್ ತರಲಿ, ಬಣ್ಣ ಸ್ವಲ್ಪ ಸಪ್ಪೆ, ಅಷ್ಟೇ.

ಮನೆಯಲ್ಲಿ ಮಾಡಬಾರದ್ದೂ ಇದೆ. ಥ್ರಾಟಲ್‌ನ ಒಂದು ಸ್ಪ್ರಿಂಗನ್ನು ಆ್ಯಸಿಡ್‌ನಲ್ಲಿ ತೊಳೆದು ಸತು ಹಾಕಿದೆ. ಹಾಕಿ ಎಳೆದು ಕೂರಿಸಿದಾಗ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಎರಡು ತುಂಡು, ಯಾರೂ ಮುಟ್ಟಿರಲಿಲ್ಲ. ಆ್ಯಸಿಡ್‌ನಿಂದಲೂ ಪ್ಲೇಟಿಂಗ್‌ನಿಂದಲೂ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿ ಉಕ್ಕು ಅದರಿಂದ ಪೆಡಸಾಗಿ, ಎಳೆತದಲ್ಲಿ ಇದ್ದಾಗ ಗಂಟೆಗಳ ಮೇಲೆ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ, ಹಳದಿ ಹಾಕುವ ಮೊದಲು, 200 ಡಿಗ್ರಿಯ ಆಸುಪಾಸಿನಲ್ಲಿ ಹಲವು ಗಂಟೆ ಕಾಯಿಸಿದರೆ ಹೈಡ್ರೋಜನ್ ಹೊರಗೆ ಬರುತ್ತದೆ. ಅದನ್ನು ಮನೆಯಲ್ಲಿ ನಂಬಿಕೊಂಡು ಮಾಡುವ ಧೈರ್ಯ ನನಗಿಲ್ಲ. ತಲೆಯ ಮೇಲೆ 10.9, 12.9 ಅಂತ ಇರುವ ಹೆಚ್ಚು ಗಟ್ಟಿ ಉಕ್ಕಿನ ಬೋಲ್ಟು, ಬ್ರೇಕು, ಸ್ಟೀರಿಂಗ್, ಸೀಟ್ ಬೆಲ್ಟಿನ ಬೋಲ್ಟು ಯಾವುದೂ ನನ್ನ ಬಕೆಟ್‌ಗೆ ಬೀಳುವುದಿಲ್ಲ. ಹೊಸದು ತರುತ್ತೇನೆ.

ಹಣದ ಲೆಕ್ಕದಲ್ಲಿ ನೋಡಿದರೆ ಒಂದೇ ಕಾರು, ಒಂದೇ ಸಲ, ಎಲ್ಲ ಬಿಚ್ಚಿ ಮುಗಿದಿದೆ ಅನ್ನುವವರಿಗೆ ಅಂಗಡಿಯೇ ಅಗ್ಗ. ಅವರು ಕೇಳುವುದು ಒಂದು ಡ್ರಮ್ಮಿನ ಕೆಲಸಕ್ಕೆ, ಹತ್ತು ಬೋಲ್ಟು ಕೊಟ್ಟರೂ ಅಷ್ಟೇ, ಮುನ್ನೂರು ಕೊಟ್ಟರೂ ಅಷ್ಟೇ. ನನ್ನ ಕೆಲಸ ಹಾಗಲ್ಲ. ಭಾನುವಾರ ಒಂದು ಭಾಗ ಬಿಚ್ಚುತ್ತೇನೆ, ಮುಂದಿನ ಭಾನುವಾರ ಜೋಡಿಸುತ್ತೇನೆ. ನಡುವೆ ಕಾರು ಓಡಬೇಕು. ಆರು ಬೋಲ್ಟಿಗೆ ಯಾರು ಡ್ರಮ್ ತಿರುಗಿಸುತ್ತಾರೆ? ಕಿಟ್ಟಿಗೆ ಕೊಟ್ಟ ದುಡ್ಡು ಅಂಗಡಿಯ ಎರಡು ಸಲದ ಬಿಲ್ಲಿಗೆ ಸಮ. ನಾನು ಆಗಲೇ ಹದಿನಾಲ್ಕು ಸಲ ಬಕೆಟ್ ತುಂಬಿಸಿದ್ದೇನೆ.

ಬಂಪರಿನ ಎರಡು ಉದ್ದ ಬ್ರಾಕೆಟ್ ಮಾತ್ರ ಬಕೆಟ್‌ನಲ್ಲಿ ಹಿಡಿಸುವುದಿಲ್ಲ. ಅವು ಅಂಗಡಿಗೇ ಹೋಗುತ್ತವೆ. ಮರಳು ಹೊಡೆಯಬೇಡಿ ಅಂತ ಈ ಸಲ ಚೀಲದ ಮೇಲಲ್ಲ, ಬ್ರಾಕೆಟ್ಟಿಗೇ ತಂತಿ ಹಾಕಿ ಚೀಟಿ ಕಟ್ಟಿದ್ದೇನೆ. ಯಾರದೋ ಆ ಬೋಲ್ಟನ್ನೂ ಜೊತೆಗೆ ಕಳಿಸುತ್ತಿದ್ದೇನೆ.