ಇದ್ದರೆ ಬಳಸುವ, ಇಲ್ಲದಿದ್ದರೂ ನಡೆಯುವ ಡ್ರೈವರ್: ಕರ್ನಲ್ ಕಾನ್ಫಿಗ್‌ನ ನಾಲ್ಕು ವಿಧಾನಗಳ ಹೋಲಿಕೆ

ಒಂದು ಡ್ರೈವರ್ (ಯಂತ್ರಭಾಗವನ್ನು ನಡೆಸುವ ಕೋಡು) ಬೇರೊಂದು ಸೌಲಭ್ಯ ಇದ್ದರೆ ಅದನ್ನು ಬಳಸಿಕೊಳ್ಳುತ್ತದೆ, ಇಲ್ಲದಿದ್ದರೆ ಅದಿಲ್ಲದೆಯೇ ನಡೆಯುತ್ತದೆ. ಇಂಥ ಐಚ್ಛಿಕ ಅವಲಂಬನೆಯನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಏನೇನು ಸೇರಬೇಕೆಂಬ ಆಯ್ಕೆಗಳನ್ನು ವಿವರಿಸುವ ಕೆಕಾನ್ಫಿಗ್ ಕಡತದಲ್ಲಿ ಹಲವು ರೀತಿಯಲ್ಲಿ ಬರೆಯಬಹುದು, ಮತ್ತು ಯಾವ ರೀತಿಯಲ್ಲಿ ಬರೆದಿದ್ದೇವೆ ಎಂಬುದರ ಮೇಲೆ ಕೊನೆಗೆ ಸಿಗುವ ಕರ್ನಲ್ಲೇ ಬೇರೆಯಾಗುತ್ತದೆ. ಕಲಬುರಗಿಯ ತೊಗರಿ ಬೇಳೆ ಮಿಲ್‌ಗಳಲ್ಲಿ ಮೋಟರುಗಳ ವಿವರ ಸಂಗ್ರಹಿಸುವ ಸಣ್ಣ ಬೋರ್ಡುಗಳಿಗೆ ನಾವೇ ಕರ್ನಲ್ ಕಂಪೈಲ್ ಮಾಡಿಕೊಳ್ಳುತ್ತೇವೆ. ಆ ಬೋರ್ಡಿನ ಈಥರ್ನೆಟ್ ಚಿಪ್ ತನ್ನ ಉಷ್ಣತೆಯನ್ನು ತಾನೇ ಅಳೆದು, ಯಂತ್ರಾಂಶದ ಸ್ಥಿತಿಗತಿ ಗಮನಿಸುವ ಎಚ್‌ಡಬ್ಲ್ಯೂಮಾನ್ ಉಪವ್ಯವಸ್ಥೆಯ ಮೂಲಕ ತಿಳಿಸಬಲ್ಲದು. ಕರ್ನಲ್‌ನ ಲೆಕ್ಕದಲ್ಲಿ ಅದು ಐಚ್ಛಿಕ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ತಗಡಿನ ಛಾವಣಿಯ ಕೆಳಗೆ, ಬೇಳೆಯ ಹೊಟ್ಟು ಕೂತ ಪೆಟ್ಟಿಗೆಯೊಳಗೆ ಹಗಲಿಡೀ ನಡೆಯುವ ಬೋರ್ಡಿಗೆ ಮಾತ್ರ ಆ ಅಂಕಿ ಬೇಕೇ ಬೇಕು. ಆದ್ದರಿಂದ ಅದೇ ಡ್ರೈವರಿನಲ್ಲಿ ಈ ಸಂಬಂಧವನ್ನು ನಾಲ್ಕು ವಿಧದಲ್ಲಿ ಬರೆದು, ಒಂದೊಂದನ್ನೂ ಕಂಪೈಲ್ ಮಾಡಿ ನೋಡಿದೆ.

ತೊಡಕು ಹುಟ್ಟುವುದು ಒಂದೇ ಜೋಡಣೆಯಲ್ಲಿ. ಕೆಕಾನ್ಫಿಗ್‌ನಲ್ಲಿ ಇಂಥ ಆಯ್ಕೆಗೆ ವೈ, ಎಂ, ಎನ್ ಎಂಬ ಮೂರು ಬೆಲೆಗಳಿವೆ: ಕರ್ನಲ್ ಒಳಗೇ ಸೇರಿಸುವುದು, ಬೇರೆ ಮಾಡ್ಯೂಲ್ ಆಗಿ ಇಡುವುದು, ಬಿಟ್ಟುಬಿಡುವುದು. ಡ್ರೈವರ್ ವೈ ಆಗಿದ್ದು ಎಚ್‌ಡಬ್ಲ್ಯೂಮಾನ್ ಎಂ ಆಗಿದ್ದರೆ, ಕರ್ನಲ್ ಒಳಗಿನ ಕೋಡು ಇನ್ನೂ ಲೋಡ್ ಆಗದ ಮಾಡ್ಯೂಲಿನ ಫಂಕ್ಷನ್ನನ್ನು ಕರೆದಂತಾಗುತ್ತದೆ; ಕೋಡಿನ ತುಂಡುಗಳನ್ನು ಜೋಡಿಸುವ ಲಿಂಕರ್ ಅದನ್ನು ಒಪ್ಪದೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ನಿಂತುಬಿಡುತ್ತದೆ.

ಮೊದಲನೆಯ ವಿಧಾನ ಸೆಲೆಕ್ಟ್. ಡ್ರೈವರನ್ನು ಆರಿಸಿದೊಡನೆ ಎಚ್‌ಡಬ್ಲ್ಯೂಮಾನ್ ತಾನಾಗಿ ಆರಿಸಲ್ಪಡುತ್ತದೆ, ಲಿಂಕರ್ ದೋಷ ಮಾಯವಾಗುತ್ತದೆ. ಆದರೆ ಆಯ್ಕೆಗಳನ್ನು ಮೆನುವಾಗಿ ತೋರಿಸುವ ಮೆನುಕಾನ್ಫಿಗ್ ತೆರೆದರೆ ಆ ಸಾಲಿನ ಮುಂದೆ ಕೋನ ಕಂಸಗಳ ಬದಲು ಎರಡು ಅಡ್ಡಗೆರೆಗಳ ನಡುವೆ ನಕ್ಷತ್ರ ಕಾಣುತ್ತದೆ, ಅಂದರೆ ಅದನ್ನು ತೆಗೆಯುವ ಅಧಿಕಾರ ಬಳಸುವವನಿಗೆ ಇಲ್ಲ. ಐಚ್ಛಿಕವಾಗಿದ್ದದ್ದು ಕಡ್ಡಾಯವಾಯಿತು. ಅಷ್ಟೇ ಅಲ್ಲ, ಸೆಲೆಕ್ಟ್ ತಾನು ಆರಿಸುವ ಆಯ್ಕೆಯ ಸ್ವಂತ ಅವಲಂಬನೆಗಳನ್ನು ನೋಡುವುದೇ ಇಲ್ಲ. ಅವು ಈಡೇರದಿದ್ದರೆ ಒಂದು ಎಚ್ಚರಿಕೆ ಮುದ್ರಿಸಿ ಮುಂದೆ ಸಾಗುತ್ತದೆ. ದತ್ತಾಂಶದ ತಪ್ಪು ಪತ್ತೆಮಾಡುವ ಸಿಆರ್‌ಸಿ32ನಂತಹ, ಮೆನುವಿನಲ್ಲಿ ಯಾರೂ ಹುಡುಕಿಕೊಂಡು ಹೋಗದ ಗ್ರಂಥಾಲಯ ಕೋಡಿಗೆ ಸೆಲೆಕ್ಟ್ ಸರಿ. ತನ್ನದೇ ಮೆನು ಇರುವ ಒಂದು ಇಡೀ ಉಪವ್ಯವಸ್ಥೆಗೆ ಅದು ಸಲ್ಲದು.

ಎರಡನೆಯದಾದ ಇಂಪ್ಲೈ ಈ ಬಲವಂತವನ್ನು ಸಡಿಲಿಸಲೆಂದೇ ಬಂದದ್ದು. ಈಥರ್ನೆಟ್ ಡ್ರೈವರ್‌ಗಳು ಪಿಟಿಪಿ ಗಡಿಯಾರವನ್ನು (ಜಾಲದ ಮೂಲಕ ನಿಖರ ಸಮಯ ಹೊಂದಿಸುವ ಸೌಲಭ್ಯ) ಐಚ್ಛಿಕವಾಗಿ ಬಳಸಲು ಅನುಕೂಲವಾಗಲೆಂದು 2016ರಲ್ಲಿ ಕರ್ನಲ್ ಅಭಿವೃದ್ಧಿಕಾರ ನಿಕೊಲಾಸ್ ಪಿತ್ರ್ ಇದನ್ನು ಬರೆದರು. ಇದು ಕೇವಲ ಪೂರ್ವನಿಯೋಜಿತ ಬೆಲೆಯನ್ನು ಸೂಚಿಸುತ್ತದೆ, ಬೇಡವೆಂದರೆ ಬಳಸುವವನು ತೆಗೆದುಹಾಕಬಹುದು. 2020ರ ಬದಲಾವಣೆಯ ನಂತರ ಅದು ಎಂ ಬೆಲೆಯನ್ನೂ ತಡೆಯುವುದಿಲ್ಲ. ಹಾಗಾಗಿ ಡ್ರೈವರ್ ವೈ, ಎಚ್‌ಡಬ್ಲ್ಯೂಮಾನ್ ಎಂ ಎಂದು ಇಟ್ಟ ಕೂಡಲೇ ಅದೇ ಲಿಂಕರ್ ದೋಷ ನನ್ನೆದುರು ಮತ್ತೆ ಬಂತು. ಸಲಹೆ ಕೊಡಲು ಇಂಪ್ಲೈ ಒಳ್ಳೆಯದು, ಅವಲಂಬನೆ ಹೇಳಲು ಸಾಲದು.

ಮೂರನೆಯದು ಕೆಕಾನ್ಫಿಗನ್ನು ಮುಟ್ಟದೆ, ಸಿ ಕೋಡಿನಲ್ಲಿಯೇ ಈಸ್_ರೀಚಬಲ್ ಎಂಬ ಮ್ಯಾಕ್ರೋದಿಂದ ಕೇಳುವುದು. ಕರೆಯಲು ಸಾಧ್ಯವಿದ್ದರೆ ಕರೆ, ಇಲ್ಲದಿದ್ದರೆ ಆ ಭಾಗವನ್ನೇ ಬಿಡು ಎನ್ನುವುದು ಇದರ ರೀತಿ. ಎಲ್ಲ ಜೋಡಣೆಗಳೂ ಒಂದು ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಆದವು, ಬೋರ್ಡ್ ಚೆನ್ನಾಗಿ ಬೂಟ್ ಆಯಿತು, ಎಚ್‌ಡಬ್ಲ್ಯೂಮಾನ್ ಮಾಡ್ಯೂಲ್ ಕೂಡ ಲೋಡ್ ಆಯಿತು. ಆದರೆ ಡ್ರೈವರ್ ವೈ, ಎಚ್‌ಡಬ್ಲ್ಯೂಮಾನ್ ಎಂ ಆದಾಗ, ಅಳತೆಗಳು ಕಾಣಬೇಕಾದ /ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್ ಡೈರೆಕ್ಟರಿಯಲ್ಲಿ ನಮ್ಮ ಚಿಪ್ ಇರಲಿಲ್ಲ. ಕರ್ನಲ್ ಲಾಗಿನಲ್ಲಿಯೂ ಒಂದು ಸಾಲಿಲ್ಲ. ಸೌಲಭ್ಯವನ್ನು ಮಾಡ್ಯೂಲ್ ಆಗಿ ಆರಿಸಿಕೊಂಡವನಿಗೆ ಅದು ಇದೆ ಎಂಬ ನಂಬಿಕೆ ಇರುತ್ತದೆ, ಕೋಡು ಮಾತ್ರ ಸದ್ದಿಲ್ಲದೆ ಬಿದ್ದುಹೋಗಿರುತ್ತದೆ. ಕಂಪೈಲ್ ಸಮಯದಲ್ಲಿ ಎದುರು ನಿಂತು ತಡೆಯುವ ದೋಷಕ್ಕಿಂತ ಇದು ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢ ಅಭಿಪ್ರಾಯ. ಕರ್ನಲ್‌ನ ಸ್ವಂತ ದಸ್ತಾವೇಜು ಕೂಡ ಇದೇ ಕಾರಣ ಕೊಟ್ಟು ಈ ಮ್ಯಾಕ್ರೋವನ್ನು ಪ್ರೋತ್ಸಾಹಿಸುವುದಿಲ್ಲ.

ನಾಲ್ಕನೆಯದು ನೋಡಲು ವಿಚಿತ್ರ: ‘ಡಿಪೆಂಡ್ಸ್ ಆನ್ ಎಚ್‌ಡಬ್ಲ್ಯೂಮಾನ್ || !ಎಚ್‌ಡಬ್ಲ್ಯೂಮಾನ್’. ಇರಬೇಕು ಅಥವಾ ಇರಬಾರದು ಎಂದರೆ ಅದು ಯಾವಾಗಲೂ ಸತ್ಯವೇ ಅಲ್ಲವೇ ಎಂದು ಮೊದಲ ಬಾರಿ ನೋಡಿದವರೆಲ್ಲ ಕೇಳುತ್ತಾರೆ. ಎರಡೇ ಬೆಲೆಗಳಿದ್ದರೆ ಹೌದು. ಇಲ್ಲಿ ಮೂರಿವೆ: ಎನ್ ಅಂದರೆ 0, ಎಂ ಅಂದರೆ 1, ವೈ ಅಂದರೆ 2. ನಿಷೇಧವೆಂದರೆ 2ರಿಂದ ಕಳೆಯುವುದು, ಅಥವಾ ಎಂದರೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳುವುದು. ಎಚ್‌ಡಬ್ಲ್ಯೂಮಾನ್ ವೈ ಆದರೂ ಎನ್ ಆದರೂ ಉತ್ತರ 2, ಡ್ರೈವರಿಗೆ ಯಾವ ನಿರ್ಬಂಧವೂ ಇಲ್ಲ. ಅದು ಎಂ ಆದಾಗ 1 ಮತ್ತು 2−1 ಎರಡೂ 1, ಆದ್ದರಿಂದ ಡ್ರೈವರ್ ಎಂ ಅನ್ನು ದಾಟಲಾರದು. ಕೆಟ್ಟ ಜೋಡಣೆ ಒಂದೇ ಒಂದು ತಡೆಯಲ್ಪಟ್ಟು, ಉಳಿದೆಲ್ಲವೂ ಬಳಸುವವನ ಕೈಯಲ್ಲಿಯೇ ಉಳಿಯುತ್ತವೆ. ಕೋಡಿನಲ್ಲಿ ಈಸ್_ಎನೇಬಲ್ಡ್ ಎಂಬ ಸರಳ ಪರೀಕ್ಷೆ ಸಾಕಾಗುತ್ತದೆ. ಕರ್ನಲ್‌ನಲ್ಲಿ ಎಸ್‌ಎಫ್‌ಪಿ (ಚುಚ್ಚಿ ತೆಗೆಯಬಹುದಾದ ಜಾಲ ಸಂಪರ್ಕದ ತುಂಡು) ಡ್ರೈವರ್ ಎಚ್‌ಡಬ್ಲ್ಯೂಮಾನ್ ಜೊತೆ ನಡೆದುಕೊಳ್ಳುವುದೂ ಹೀಗೆಯೇ.

ನನ್ನ ಆಯ್ಕೆ ಇದೇ, ಆದರೂ ಇದರಲ್ಲಿ ಕೊರತೆ ಇಲ್ಲವೆಂದಲ್ಲ. ನಮ್ಮ ಬೋರ್ಡ್ ಪರೀಕ್ಷೆಯ ಹಂತದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಆರಂಭದಲ್ಲಿ ಮಾಡ್ಯೂಲುಗಳನ್ನು ಒದಗಿಸುವ ಪುಟ್ಟ ಕಡತವ್ಯವಸ್ಥೆ) ಇಲ್ಲದೆ ಎನ್‌ಎಫ್‌ಎಸ್ (ಜಾಲದ ಮೇಲಿನ ಕಡತವ್ಯವಸ್ಥೆ) ಮೂಲಕ ಬೂಟ್ ಆಗುತ್ತದೆ, ಹಾಗಾಗಿ ಈಥರ್ನೆಟ್ ಡ್ರೈವರ್ ವೈ ಆಗಿಯೇ ಇರಬೇಕು. ಎಚ್‌ಡಬ್ಲ್ಯೂಮಾನ್ ಎಂ ಆಗಿರುವ ಹಳೆಯ ಕಾನ್ಫಿಗ್ ಕಡತವನ್ನು ಹೊಸ ನಿಯಮಗಳಿಗೆ ಹೊಂದಿಸುವ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿದಾಗ ಈ ನಿಯಮ ಡ್ರೈವರನ್ನು ವೈನಿಂದ ಎಂಗೆ ಇಳಿಸುತ್ತದೆ, ಏನೂ ಹೇಳುವುದಿಲ್ಲ. ಮೆನುಕಾನ್ಫಿಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಅವಲಂಬನೆಯ ಸಾಲಿನಲ್ಲಿ ಕಾರಣ ಸ್ಪಷ್ಟವಾಗಿ ಕಾಣುತ್ತದೆ ನಿಜ, ಆದರೆ ಸ್ಕ್ರಿಪ್ಟ್ ಮೂಲಕ ಕಂಪೈಲ್ ಮಾಡುವವರು ಅಲ್ಲಿಗೆ ಹೋಗುವುದೇ ಇಲ್ಲ. ಅಂಥವರು ತಮ್ಮ ಆಯ್ಕೆಗಳನ್ನು ಸಣ್ಣ ತುಣುಕು ಕಡತದಲ್ಲಿಟ್ಟು ಕರ್ನಲ್ ಜೊತೆಗೇ ಬರುವ ಮರ್ಜ್_ಕಾನ್ಫಿಗ್ ಸ್ಕ್ರಿಪ್ಟಿನಿಂದ ಸೇರಿಸಬೇಕು. ಕೇಳಿದ ಬೆಲೆ ಅಂತಿಮ ಕಡತದಲ್ಲಿ ಇಲ್ಲದಿದ್ದರೆ ಅದು ಹೆಸರು ಹಿಡಿದು ತಿಳಿಸುತ್ತದೆ.

ಸಾಲು ಓದಲು ಕಷ್ಟ ಎಂಬ ದೂರಿಗೆ ಪರಿಹಾರವೂ ಇದೆ. 2021ರಲ್ಲಿ ಕರ್ನಲ್ ಅಭಿವೃದ್ಧಿಕಾರ ಆರ್ನ್ಡ್ ಬರ್ಗ್‌ಮನ್ ಪಿಟಿಪಿ ಗಡಿಯಾರಕ್ಕಾಗಿ ಹೆಸರಿನ ಕೊನೆಯಲ್ಲಿ ‘ಆಪ್ಷನಲ್’ ಎಂದಿರುವ ಸಹಾಯಕ ಆಯ್ಕೆಯೊಂದನ್ನು ಸೇರಿಸಿ, ಈಥರ್ನೆಟ್ ಡ್ರೈವರ್‌ಗಳ ಇಂಪ್ಲೈ ಸಾಲುಗಳ ಜಾಗದಲ್ಲಿ ಅದನ್ನು ತಂದರು. ಯಾವ ಗಡಿಯಾರಕ್ಕಾಗಿ ಇಂಪ್ಲೈ ಹುಟ್ಟಿತೋ ಅಲ್ಲಿಯೇ ಅದು ಜಾಗ ಬಿಡಬೇಕಾಯಿತು. ಒಂದೇ ಸೌಲಭ್ಯವನ್ನು ಹಲವು ಡ್ರೈವರ್‌ಗಳು ಬಯಸುವಾಗ ತರ್ಕ ಒಂದು ಕಡೆ ಇರುತ್ತದೆ, ಉಳಿದ ಕಡೆ ಓದುವವನಿಗೆ ಹೆಸರೇ ಅರ್ಥ ಹೇಳುತ್ತದೆ. ನಮ್ಮಲ್ಲಿ ಉಷ್ಣತೆ ತಿಳಿಸುವ ಎರಡನೆಯ ಡ್ರೈವರ್ ಸೇರುತ್ತಿರುವುದರಿಂದ ಎಚ್‌ಡಬ್ಲ್ಯೂಮಾನ್‌ಗೂ ಅಂಥದೇ ಸಹಾಯಕ ಆಯ್ಕೆಯೊಂದನ್ನು ಬರೆದುಕೊಂಡಿದ್ದೇನೆ.